ಸೂಜಿಯ ಅಲುಗಾಟವನ್ನು ಬರೆದಿಟ್ಟವರು

(ವಾಗ್ಳೆ ಎಸ್ಟೇಟಿನಲ್ಲಿ ಕೂಡಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳ ಸಭೆ ಮುಗಿದ ಮೇಲೆ ಒಬ್ಬ ತಮ್ಮ ನಮ್ಮನ್ನು ಬಾಗಿಲಲ್ಲಿ ತಡೆದು ಒಂದು ಪ್ರಶ್ನೆ ಕೇಳಿದ. ಅವನು ಟೆಂಪೋದಲ್ಲಿ ಹೋಟೆಲುಗಳಿಗೆ ಸಾಮಾನು ಮುಟ್ಟಿಸುವವನು. “ಅಣ್ಣ, ಹೊಸ ಪನ್ವೇಲಿನಲ್ಲಿ ಕಳಂಬೋಲಿ ಹೆದ್ದಾರಿಯ ಹತ್ತಿರ ಒಂದು ದೊಡ್ಡ ಸಂಸ್ಥೆ ಇದೆ. ಬೋರ್ಡಿನ ಮೇಲೆ ಹಿಂದಿಯಲ್ಲಿ ‘ಭೂಚುಂಬಕತ್ವ’ ಎಂದು ಬರೆದಿದೆ. ನೋಡಿದರೆ ಕಾರಖಾನೆಯಲ್ಲ, ಕಾಲೇಜೂ ಅಲ್ಲ. ಅದರೊಳಗೆ ಏನು ತಯಾರಾಗುತ್ತದೆ?” ಎಂದ. ನಮಗೆ ಉತ್ತರ ತಿಳಿದಿರಲಿಲ್ಲ. ನಾವು ಏಳನೆಯ ತರಗತಿ ಮುಗಿಸಿ ಕಪ್ಪು ಬಸಿ ತೊಳೆಯಲು ಮುಂಬಯಿಗೆ ಬಂದವರು. ತಿಳಿದು ಹೇಳುತ್ತೇವೆ ಎಂದು ಮಾತು ಕೊಟ್ಟೆವು. ತಿಳಿದವರನ್ನು ಕೇಳಿದೆವು, ವಾಚನಾಲಯದಲ್ಲಿ ಕುಳಿತು ಓದಿದೆವು, ರಜೆಯ ಒಂದು ದಿನ ದೋಣಿ ಹತ್ತಿ ಒಂದು ಕಡೆ ಹೋಗಿಯೂ ಬಂದೆವು. ಕೊಟ್ಟ ಮಾತನ್ನು ಇಂದು ತೀರಿಸುತ್ತಿದ್ದೇವೆ. ಆ ಸಂಸ್ಥೆಯ ಕಥೆಗೂ ನಮ್ಮ ಹೊಟ್ಟೆಪಾಡಿಗೂ ಒಂದು ನಂಟು ಕಂಡುಬಂದುದರಿಂದ ಅದನ್ನು ಎಲ್ಲರ ಮುಂದೆ ಇಡುವುದು ಒಳ್ಳೆಯದೆಂದು ತೋರಿತು.

ಅದು ಭಾರತೀಯ ಭೂಕಾಂತತ್ವ ಸಂಸ್ಥೆ. ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುವುದು, ಅಳೆದುದನ್ನು ಬರೆದಿಡುವುದು, ಬರೆದುದರ ಅರ್ಥವೇನೆಂದು ಕಂಡುಹಿಡಿಯುವುದು ಅದರ ಕೆಲಸ.

ಭೂಮಿಗೆ ಅಯಸ್ಕಾಂತ ಶಕ್ತಿ ಇದೆಯೆಂಬುದು ನಮ್ಮ ಕರಾವಳಿಯವರಿಗೆ ಹೊಸ ಮಾತಲ್ಲ. ಮಲ್ಪೆಯಿಂದ, ಗಂಗೊಳ್ಳಿಯಿಂದ ಮೀನಿಗೆ ಹೋಗುವವರು ದಡ ಕಾಣದ ಕಡಲಲ್ಲಿ ದಿಕ್ಸೂಚಿಯ ಸೂಜಿಯನ್ನು ನಂಬಿ ಮನೆಗೆ ಮರಳಿದ್ದಾರೆ. ಭೂಮಿಯ ಒಳಗೆ, ಬಹು ಆಳದಲ್ಲಿ, ಕರಗಿದ ಕಬ್ಬಿಣ ತಿರುಗುತ್ತಿರುವುದರಿಂದ ಈ ಶಕ್ತಿ ಹುಟ್ಟುತ್ತದೆ. ಆದರೆ ದೋಣಿಯವರಿಗೆ ಕಾಣದ ಒಂದು ಸಂಗತಿ ಇದೆ. ಸೂಜಿ ಎಂದೂ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ. ಬೆಳಿಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಕೂದಲೆಳೆಯಷ್ಟು ಅಲುಗುತ್ತಲೇ ಇರುತ್ತದೆ. ನೂರು ಕಿಲೋಮೀಟರಿಗೂ ಮೇಲೆ, ತೆಳುವಾದ ಗಾಳಿಯಲ್ಲಿ, ಸೂರ್ಯನ ಬಿಸಿಲಿನಿಂದ ವಿದ್ಯುತ್ತಿನ ಹರಿವು ಹುಟ್ಟಿ ಅದನ್ನು ಅಲುಗಿಸುತ್ತದೆ. ಈ ಅಲುಗಾಟವನ್ನು ಹಿಡಿದಿಡಬೇಕಾದರೆ ಯಾರಾದರೂ ಒಬ್ಬರು ಹಗಲೂ ರಾತ್ರಿ ಕುಳಿತು ನೋಡಿ ಬರೆಯಬೇಕು.

ಅದನ್ನು ನೋಡಿ ಬರೆದದ್ದು ನಮ್ಮ ಮುಂಬಯಿಯಲ್ಲಿಯೇ. 1826ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಲಾಬಾದಲ್ಲಿ ಒಂದು ವೇಧಶಾಲೆ ಕಟ್ಟಿದರು. ನಕ್ಷತ್ರ ನೋಡಿ ಹಡಗುಗಳಿಗೆ ಸರಿಯಾದ ಹೊತ್ತು ತಿಳಿಸುವುದು ಅದರ ಮೊದಲ ಉದ್ದೇಶ. 1841ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಪ್ರೊಫೆಸರ್ ಆರ್ಥರ್ ಬೆಡ್‌ಫೋರ್ಡ್ ಓರ್ಲೆಬಾರ್ ಅಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯ ಅಳತೆ ಆರಂಭಿಸಿದರು. ಅಳತೆಯ ಬಗೆ ನೋಡಿ: ನೂಲಿನಲ್ಲಿ ತೂಗಿಬಿಟ್ಟ ಒಂದು ಅಯಸ್ಕಾಂತ, ಅದಕ್ಕೆ ಅಂಟಿಸಿದ ಚಿಕ್ಕ ಕನ್ನಡಿ, ಎದುರಿಗೆ ಅಂಕೆಯ ಪಟ್ಟಿ, ಪಕ್ಕದಲ್ಲಿ ದುರ್ಬೀನು. ಅಯಸ್ಕಾಂತ ಅಲುಗಿದರೆ ಕನ್ನಡಿ ತಿರುಗುತ್ತದೆ, ಕನ್ನಡಿಯಲ್ಲಿ ಕಾಣುವ ಅಂಕೆ ಬದಲಾಗುತ್ತದೆ. ಆ ಅಂಕೆಯನ್ನು ಗಂಟೆಗೊಮ್ಮೆ ಓದಿ ಪುಸ್ತಕದಲ್ಲಿ ಬರೆಯಬೇಕು. ಏನಾದರೂ ಗಡಿಬಿಡಿ ಕಂಡರೆ ಹದಿನೈದು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ ಬರೆಯಬೇಕು. ನಡುರಾತ್ರಿಯ ಗಂಟೆಗೂ ಒಂದು ಅಂಕೆ, ಹಬ್ಬದ ದಿನಕ್ಕೂ ಒಂದು ಅಂಕೆ.

ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದ ಹಿರಿಯರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ಮೂರು ಗಂಟೆಯ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚುತ್ತದೆ. ಆಗ “ಇದೊಂದು ಗಂಟೆ ಬಿಟ್ಟರೆ ಏನಾದೀತು, ಹಿಂದಿನ ಅಂಕೆಯನ್ನೇ ಇನ್ನೊಮ್ಮೆ ಬರೆದರಾಯಿತು” ಎಂದು ಮನಸ್ಸು ಹೇಳುತ್ತದೆ. ಹಾಗೆ ಬರೆಯದೆ ಇದ್ದುದೇ ಕೊಲಾಬಾದವರ ಹೆಚ್ಚುಗಾರಿಕೆ. ಅದಕ್ಕೆ ಬೆಲೆ ಬಂದ ದಿನ 1859ರ ಸೆಪ್ಟೆಂಬರ್ 2.

ಅದರ ಹಿಂದಿನ ದಿನ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬವರು ಸೂರ್ಯನ ಕಲೆಗಳನ್ನು ಬರೆದುಕೊಳ್ಳುತ್ತಿದ್ದರು. ಕಲೆಗಳ ನಡುವೆ ಒಮ್ಮೆಗೇ ಬೆಳ್ಳಗಿನ ಬೆಳಕು ಭುಗಿಲೆದ್ದಿತು. ಸುಮಾರು ಹದಿನೇಳೂವರೆ ಗಂಟೆಗಳ ಬಳಿಕ ಅದರ ಪೆಟ್ಟು ಭೂಮಿಗೆ ತಾಗಿತು. ಅಮೆರಿಕದಲ್ಲಿ ತಂತಿ ಕಚೇರಿಯವರು ಬ್ಯಾಟರಿ ಕಳಚಿಟ್ಟರೂ ತಂತಿಯಲ್ಲಿ ವಿದ್ಯುತ್ತು ಹರಿದು ಸುದ್ದಿ ಹೋಗುತ್ತಿತ್ತಂತೆ. ಇಂಗ್ಲೆಂಡಿನ ಕ್ಯೂ ವೇಧಶಾಲೆಯಲ್ಲಿ ಅಲುಗಾಟವು ಅಳತೆಯ ಪಟ್ಟಿಯನ್ನೇ ದಾಟಿ ಹೊರಗೆ ಹೋಯಿತು. ಕೊಲಾಬಾದಲ್ಲಿ ಮಾತ್ರ ಅಂಕೆ ಇಳಿಯಿತು, ಇನ್ನೂ ಇಳಿಯಿತು, ಬರೆಯುವ ಕೈ ಬರೆಯುತ್ತಲೇ ಹೋಯಿತು. ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿತ. ನ್ಯಾನೊಟೆಸ್ಲಾ ಎಂದರೆ ಈ ಶಕ್ತಿಯನ್ನು ಅಳೆಯುವ ಮಾನ. ನಾವು ಹಾಲನ್ನು ಲೀಟರಿನಲ್ಲಿ ಅಳೆಯುವಂತೆ. ಮುಂಬಯಿಯಲ್ಲಿ ದಿಕ್ಸೂಚಿಯನ್ನು ಉತ್ತರಕ್ಕೆ ಎಳೆಯುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಕೆಲವು ಗಂಟೆಗಳ ಮಟ್ಟಿಗೆ ಇಲ್ಲವಾಯಿತೆಂದು ಇಟ್ಟುಕೊಳ್ಳಿ.

ಆ ಪುಸ್ತಕ ಕಪಾಟಿನಲ್ಲಿ ಉಳಿಯಿತು. 1896ರಲ್ಲಿ ವೇಧಶಾಲೆಯ ಮುಖ್ಯಸ್ಥರಾದ ಮೊದಲ ಭಾರತೀಯರು ನಾನಾಭಾಯಿ ಆರ್ದೇಶಿರ್ ಫ್ರಾಮ್‌ಜಿ ಮೂಸ್. ಅವರು 1846ರಿಂದ 1905ರವರೆಗಿನ ಅರುವತ್ತು ವರ್ಷಗಳ ಅಂಕೆಗಳನ್ನೆಲ್ಲ ಒಟ್ಟುಮಾಡಿ 1910ರಲ್ಲಿ ಅಚ್ಚು ಹಾಕಿಸಿದರು. 2003ರಲ್ಲಿ ಅಮೆರಿಕದ ಬ್ರೂಸ್ ತ್ಸುರುತಾನಿ, ನಮ್ಮ ಈ ಪನ್ವೇಲಿನ ಸಂಸ್ಥೆಯ ಜಿ. ಎಸ್. ಲಖಿನಾ, ಎಸ್. ಅಲೆಕ್ಸ್ ಮೊದಲಾದವರು ಕೊಲಾಬಾದ ಹಳೆಯ ಅಂಕೆಗಳನ್ನು ಹಿಡಿದು 1859ರ ಬಿರುಗಾಳಿ ಎಷ್ಟು ದೊಡ್ಡದೆಂದು ಲೋಕಕ್ಕೆ ಲೆಕ್ಕ ಕೊಟ್ಟರು. ನೂರ ನಲವತ್ತನಾಲ್ಕು ವರ್ಷಗಳ ಮೇಲೆ! ಆ ಬಿರುಗಾಳಿಗೆ ಕ್ಯಾರಿಂಗ್ಟನ್ನರ ಹೆಸರು ಅಂಟಿತು. ಕೊಲಾಬಾದಲ್ಲಿ ದುರ್ಬೀನಿಗೆ ಕಣ್ಣಿಟ್ಟು ಕುಳಿತವರ ಹೆಸರನ್ನು ಅದಕ್ಕೆ ಯಾರೂ ಇಡಲಿಲ್ಲ. ಆದರೆ ಅವರು ಬರೆದ ಅಂಕೆ ಇಲ್ಲದಿದ್ದರೆ ಆ ಲೆಕ್ಕವೇ ಕೂಡಿಬರುತ್ತಿರಲಿಲ್ಲ.

ಇನ್ನು ದೋಣಿ ಹತ್ತಿದ ಕಥೆ. ಕೊಲಾಬಾದ ಕೆಲಸ ಕೊಲಾಬಾದಲ್ಲೇ ಏಕೆ ಮುಂದುವರಿಯಲಿಲ್ಲ? ಟ್ರಾಮಿನಿಂದಾಗಿ. ಮುಂಬಯಿಯಲ್ಲಿ 1874ರಿಂದ ಕುದುರೆ ಎಳೆಯುವ ಟ್ರಾಮು ಇತ್ತು. ಅದರಿಂದ ತೊಂದರೆ ಇರಲಿಲ್ಲ. ವಿದ್ಯುತ್ ಟ್ರಾಮು ಬರುವುದೆಂದು ನಿಶ್ಚಯವಾದಾಗ ಚಿಂತೆ ಹತ್ತಿತು. ಅದರ ವಿದ್ಯುತ್ತು ಹಳಿಯಿಂದ ನೆಲಕ್ಕೆ ಸೋರಿ ಸೂಜಿಯನ್ನು ಅಲುಗಿಸುತ್ತದೆ. ಅಲುಗಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟು ಸರಿಯಾದ ತೂಕ ಕೊಡಿ ಎಂದರೆ ಆದೀತೆ? ಊರಿಗೆ ಟ್ರಾಮು ಬೇಕು, ಸೂಜಿಗೆ ಶಾಂತಿ ಬೇಕು. ಕಡೆಗೆ ಸೂಜಿಯೇ ಊರು ಬಿಟ್ಟಿತು. 1904ರಲ್ಲಿ ಸುಮಾರು ಮೂವತ್ತು ಕಿಲೋಮೀಟರು ತೆಂಕಣ ಅಲಿಬಾಗಿನಲ್ಲಿ ಹೊಸ ವೇಧಶಾಲೆ ಕೆಲಸ ಆರಂಭಿಸಿತು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಕೊಂಡಿ ತಪ್ಪಬಾರದೆಂದು 1906ರವರೆಗೆ ಎರಡು ಕಡೆಯಲ್ಲಿಯೂ ಕೂಡಿಯೇ ಅಳೆದರು. 1907ರಲ್ಲಿ ವಿದ್ಯುತ್ ಟ್ರಾಮು ಓಡಿತು.

ನಾವು ನಾಲ್ವರು ಗೇಟ್‌ವೇಯಿಂದ ಮಾಂಡ್ವಾಕ್ಕೆ ದೋಣಿಯಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಅಲಿಬಾಗಿನಲ್ಲಿ ಇಳಿದೆವು. ಒಂದು ತಮಾಷೆ ಕೇಳಿ: ಅಲ್ಲಿಯ ಸಮುದ್ರಕೋಟೆಯ ಹೆಸರೂ ಕುಲಾಬಾ, 1981ರಲ್ಲಿ ರಾಯಗಡ ಎಂದು ಹೆಸರಿಡುವ ತನಕ ಆ ಜಿಲ್ಲೆಯ ಹೆಸರೂ ಕುಲಾಬಾ. ವೇಧಶಾಲೆಯ ಆವರಣವನ್ನು ಹೊರಗಿನಿಂದಲೇ ನೋಡಿದೆವು. ಸೂಜಿಯ ಮನೆಯನ್ನು ಕಟ್ಟಲು ಪೋರಬಂದರಿನ ಕಲ್ಲನ್ನೇ ತರಿಸಿದ್ದರು. ನಮ್ಮ ಕಡೆಯ ಮುರಕಲ್ಲಿನಲ್ಲಿ ಕಬ್ಬಿಣವಿದೆ, ಮುಂಬಯಿ ಸೀಮೆಯ ಕರಿಕಲ್ಲಿನಲ್ಲಿಯೂ ಕಬ್ಬಿಣವಿದೆ. ಗೋಡೆಯೇ ಸೂಜಿಯನ್ನು ಎಳೆದರೆ ಅಳತೆ ಸುಳ್ಳಾಗುತ್ತದೆ. ಕಡಲ ಗಾಳಿಯಲ್ಲಿ ನಿಂತು ಲೆಕ್ಕ ಹಾಕಿದೆವು: ಯಾವ ಟ್ರಾಮಿಗಾಗಿ ಸೂಜಿ ಊರು ಬಿಟ್ಟಿತೋ ಆ ಟ್ರಾಮು 1964ರ ಮಾರ್ಚ್ 31ರಂದು ಕಡೆಯ ಸಲ ಓಡಿ ನಿಂತಿತು. ಅಲಿಬಾಗಿನ ಬರವಣಿಗೆ ಇಂದೂ ನಡೆದಿದೆ.

ಈ ಕೆಲಸವೆಲ್ಲ ಹವಾಮಾನ ಇಲಾಖೆಯ ಕೈಯಲ್ಲಿತ್ತು. 1971ರಲ್ಲಿ ಅದನ್ನು ಬೇರ್ಪಡಿಸಿ ಸ್ವತಂತ್ರ ಸಂಸ್ಥೆಯಾಗಿ ಮಾಡಿದರು. ಮೊದಲು ಕೊಲಾಬಾದಲ್ಲಿದ್ದ ಅದರ ಮುಖ್ಯ ಕಚೇರಿ ಈಗ ಹೊಸ ಪನ್ವೇಲಿನಲ್ಲಿದೆ. ಠಾಣೆಯಿಂದ ಪನ್ವೇಲ್ ಲೋಕಲು ಹತ್ತಿದವರಿಗೆ ದೂರವೇನಲ್ಲ. ದೇಶದಲ್ಲಿ ಹತ್ತಕ್ಕೂ ಹೆಚ್ಚು ಕಡೆ ಅದರ ಅಳತೆಯ ಮನೆಗಳಿವೆ. ತಿರುನೆಲ್ವೇಲಿಯ ಹತ್ತಿರ ಒಂದಿದೆ. ಅಲ್ಲಿ ನಡುಹಗಲಿನಲ್ಲಿ ತಲೆಯ ಮೇಲೆ ನೂರು ಕಿಲೋಮೀಟರು ಎತ್ತರದಲ್ಲಿ ಪೂರ್ವಕ್ಕೆ ಹರಿಯುವ ವಿದ್ಯುತ್ತಿನ ಹೊಳೆಯನ್ನು ಅಳೆಯುತ್ತಾರೆ. ಹಿಮದ ನಾಡು ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಮೈತ್ರಿ ನೆಲೆಯಲ್ಲಿಯೂ ಒಂದಿದೆ. ಮಣ್ಣು, ಹೂಳುಗಳಲ್ಲಿರುವ ಕಬ್ಬಿಣದ ಕಣಗಳನ್ನು ನೋಡಿ ಹಿಂದಿನ ಕಾಲದ ಮಳೆ ಹೇಗಿತ್ತೆಂದು ತಿಳಿಯುವ ಕೆಲಸವೂ ಅಲ್ಲಿ ನಡೆಯುತ್ತದೆ.

ಕಲ್ಲೂ ಲೆಕ್ಕ ಬರೆದಿಡುತ್ತದೆ ಎಂದರೆ ನಂಬುತ್ತೀರಾ? ಈ ವಾಗ್ಳೆ ಎಸ್ಟೇಟಿನ ಹಿಂದೆ ಕಾಣುವ ಯೇವೂರಿನ ಗುಡ್ಡ ಕರಿಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿ ಕಲ್ಲಾದದ್ದು. ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ಉತ್ತರ ದಕ್ಷಿಣದ ದಿಕ್ಕನ್ನು ಹಿಡಿದು ಹಾಗೆಯೇ ಗಟ್ಟಿಯಾದವು. ಅಂಥ ಕಲ್ಲನ್ನು ಅಳೆದು ನೋಡಿಯೇ ಆ ಕಾಲಕ್ಕೆ ನಮ್ಮ ನೆಲ ಭೂಮಧ್ಯರೇಖೆಯ ತೆಂಕಣಕ್ಕೆ ಇತ್ತು, ಆಮೇಲೆ ಸರಿದು ಇಲ್ಲಿಗೆ ಬಂದಿತು ಎಂದು ವಿಜ್ಞಾನಿಗಳು ಕಂಡುಕೊಂಡರು. ನಾವೆಲ್ಲ ತೆಂಕಣದಿಂದ ಇಲ್ಲಿಗೆ ಬಂದವರು. ನೆಲವೂ ಹಾಗೆಯೇ ಬಂದಿದೆ.

“ಇದೆಲ್ಲ ಸರಿ, ಇದರಿಂದ ದುಡಿಯುವವನಿಗೆ ಏನು?” ಎಂದು ಯಾರಾದರೂ ಕೇಳಬಹುದು. ಕೇಳಬೇಕು. 1989ರ ಮಾರ್ಚ್ 13ರಂದು ಇಂಥದೇ ಒಂದು ಕಾಂತ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಒಂದೂವರೆ ನಿಮಿಷದೊಳಗೆ ವಿದ್ಯುತ್ ಜಾಲವೇ ಕುಸಿಯಿತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2024ರ ಮೇ 10–11ರ ಬಿರುಗಾಳಿಯಲ್ಲಿ ನಮ್ಮ ಲಡಾಖಿನ ಹಾನ್ಲೆಯಲ್ಲಿಯೂ ಆಕಾಶ ಕೆಂಪಗೆ ಕಂಡಿತು. ಇಂದು ಮನೆಮನೆಗೆ ಊಟ ಮುಟ್ಟಿಸುವ ಹುಡುಗ ಫೋನಿನ ನಕ್ಷೆ ನೋಡಿ ದಾರಿ ಹಿಡಿಯುತ್ತಾನೆ. ಆ ನಕ್ಷೆಗೆ ಬೇಕಾದ ಉಪಗ್ರಹದ ಸಂಕೇತ ಇದೇ ಮೇಲಿನ ಗಾಳಿಯನ್ನು ತೂರಿ ಬರಬೇಕು. ಭಿವಂಡಿಯ ಮಗ್ಗ ನಡೆಯುವುದೂ ನಮ್ಮ ಹೋಟೆಲಿನ ಗ್ರೈಂಡರು ತಿರುಗುವುದೂ ವಿದ್ಯುತ್ತಿನಿಂದ. ಜಾಲ ನಿಂತರೆ ಮೊದಲು ದಿನಗೂಲಿ ಹೋಗುವುದು ಯಾರದು? ಬಿರುಗಾಳಿ ಎಷ್ಟು ದೊಡ್ಡದಾಗಬಲ್ಲದು ಎಂದು ಗೊತ್ತಿದ್ದರೆ ಜಾಲ ಕಾಯುವವರು ಸಿದ್ಧರಾಗಿರಬಹುದು. ಅದಕ್ಕೆ 1859ರ ಆ ಅಂಕೆಯೇ ಅಳತೆಗೋಲು.

ಅಳತೆ ಒಂದೇ ಕಡೆ ಇದ್ದರೆ ಸಾಲದೆಂಬುದಕ್ಕೆ ನಮ್ಮ ಕಣ್ಣೆದುರಿನದೇ ಸಾಕ್ಷಿ ಇದೆ. 2005ರ ಜುಲೈ 26ರ ಮಳೆಯನ್ನು ಇಲ್ಲಿ ಮರೆತವರಿಲ್ಲ. ಹವಾಮಾನ ಇಲಾಖೆಯ ಸಾಂತಾಕ್ರೂಜ್ ಮಾಪಕದಲ್ಲಿ ಆ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ. ಅದೇ ಮುಂಬಯಿಯ ಕೊಲಾಬಾದಲ್ಲಿ 74 ಮಾತ್ರ. ಕೊಲಾಬಾದ ಪುಸ್ತಕವೊಂದೇ ಇದ್ದಿದ್ದರೆ ಆ ದಿನ ಸಾಧಾರಣ ಮಳೆ ಬಂತು ಎಂದು ಬರೆದುಹೋಗುತ್ತಿತ್ತು. ಅಳತೆ ಇಲ್ಲದ ಕಡೆ ಬಿದ್ದ ಕಷ್ಟ ಲೆಕ್ಕಕ್ಕೆ ಬರುವುದಿಲ್ಲ.

ಸಂಗಡಿಗರೇ, ಇಲ್ಲಿಂದ ಮುಂದಿನದು ನಮ್ಮ ಮಾತು.

2014ರಲ್ಲಿ ನಮ್ಮೊಡನೆ ದುಡಿದ ಕುಂದಾಪುರ ಕಡೆಯ ಒಬ್ಬ ಅಡಿಗೆಯವರ ಕೆಲಸ ಹೋಯಿತು. ಒಂದೇ ಹೋಟೆಲಿನಲ್ಲಿ ಹನ್ನೊಂದು ವರ್ಷ ದುಡಿದಿದ್ದರು. ನಡುವೆ ಬೋರ್ಡು ಬದಲಾಗಿತ್ತು. ಗ್ರಾಚ್ಯುಟಿ ಕೇಳಿದರೆ ಯಜಮಾನರು “ನೀನು ಬಂದದ್ದು ಹೋದ ವರ್ಷವಲ್ಲವೇ” ಎಂದರು. ಆಗ ನಡೆಯುತ್ತಿದ್ದ 1972ರ ಕಾನೂನಿನಂತೆ ಐದು ವರ್ಷ ಸತತ ದುಡಿದವರಿಗೆ ಅದು ಸಲ್ಲಬೇಕಾದ ಹಣ. ನಾವು ಸಂಘದ ವತಿಯಿಂದ ಹೋಗಿ ಜೋರಾಗಿ ಮಾತಾಡಿದೆವು. ಗಂಟಲು ಕಟ್ಟಿತೇ ಹೊರತು ನಮ್ಮ ಕೈಯಲ್ಲಿ ಒಂದು ಚೂರು ಕಾಗದ ಇರಲಿಲ್ಲ. ತಪ್ಪು ನಮ್ಮದೂ ಇತ್ತು. ಹನ್ನೊಂದು ವರ್ಷ ಚಂದಾ ತೆಗೆದುಕೊಂಡವರು ಒಂದು ದಿನವಾದರೂ ಅವರ ಸೇರಿದ ತಾರೀಕು ಬರೆದುಕೊಂಡಿರಲಿಲ್ಲ.

ಕಾಗದ ಸಿಕ್ಕಿದ್ದು ಊರಿನಲ್ಲಿ. ಅವರು ತಿಂಗಳು ತಿಂಗಳು ಮನೆಗೆ ಮನಿಯಾರ್ಡರು ಕಳಿಸುತ್ತಿದ್ದರು. ಅವರ ಹೆಂಡತಿ, ಆ ತಾಯಿ ಹೆಚ್ಚು ಓದಿದವರಲ್ಲ, ಮನಿಯಾರ್ಡರಿನ ತುಂಡು ಚೀಟಿಗಳನ್ನೆಲ್ಲ ದಾರದಲ್ಲಿ ಪೋಣಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ಪ್ರತಿಯೊಂದರಲ್ಲಿಯೂ ಹೋಟೆಲಿನ ವಿಳಾಸ, ತಾರೀಕು. ಅದರಲ್ಲಿ ನಾಲ್ಕು ವರ್ಷದ್ದನ್ನು ಗೆದ್ದಲು ತಿಂದಿತ್ತು. ಕಡೆಗೆ ಚೀಟಿ ಉಳಿದ ಏಳು ವರ್ಷಗಳಿಗೆ ಹಣ ಸಿಕ್ಕಿತು. ಗೆದ್ದಲು ತಿಂದ ನಾಲ್ಕು ವರ್ಷಗಳಿಗೆ ಸಿಗಲಿಲ್ಲ. ಆ ನಾಲ್ಕು ವರ್ಷ ಒಲೆಯ ಮುಂದೆ ನಿಂತದ್ದು ಸುಳ್ಳೇ? ಸುಳ್ಳಲ್ಲ; ಆದರೆ ಪುಸ್ತಕದಲ್ಲಿ ಇರಲಿಲ್ಲ.

ಗಿರಣಿಯ ಹಿರಿಯರೂ ಇದನ್ನು ಕಂಡಿದ್ದಾರೆ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 2012ರಲ್ಲಿ ಗಿರಣಿ ಕಾರ್ಮಿಕರಿಗೆ ಮ್ಹಾಡಾದ ಮನೆಗಳ ಸೋಡತಿ ಆರಂಭವಾದಾಗ ಎಲ್ಲರೂ ಹುಡುಕಿದ್ದು ಏನನ್ನು? ಹಳೆಯ ಪಾಸು, ಪಿ.ಎಫ್. ಚೀಟಿ, ಇ.ಎಸ್.ಐ. ಕಾರ್ಡು. ಮೂವತ್ತು ವರ್ಷಗಳ ಹಿಂದೆ ಮಸ್ಟರಿನಲ್ಲಿ ಹೆಸರಿತ್ತೆಂದು ತೋರಿಸಬೇಕಾಗಿತ್ತು. ಕಾಗದ ಇಟ್ಟುಕೊಂಡವರು ಅರ್ಜಿ ತುಂಬಿದರು. ಚಾಳು ಬಿಡುವಾಗ ಕಳೆದುಕೊಂಡವರು ಕಚೇರಿಯಿಂದ ಕಚೇರಿಗೆ ಅಲೆದರು.

ಇನ್ನೊಂದು ಸಂಗತಿ ಸೆಖೆಯದು. 2023ರ ಏಪ್ರಿಲ್ 16ರಂದು ಪನ್ವೇಲಿನ ದಾರಿಯಲ್ಲಿರುವ ಖಾರ್‌ಘರಿನಲ್ಲಿ ತೆರೆದ ಬಯಲಿನ ಸಮಾರಂಭದಲ್ಲಿ ಬಿಸಿಲು ತಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಬಯಲಿನ ಸೆಖೆ ಪೇಪರಿನಲ್ಲಿ ಬರುತ್ತದೆ. ನಮ್ಮ ಭಟ್ಟಿಯ ಮುಂದಿನ ಸೆಖೆ ಎಲ್ಲಿ ಬರುತ್ತದೆ? ಮೇ ತಿಂಗಳ ಮಧ್ಯಾಹ್ನ ದೋಸೆಯ ಕಲ್ಲಿನ ಎದುರು ಎಷ್ಟು ಡಿಗ್ರಿ ಎಂದು ಕೇಳಿದರೆ ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿಲ್ಲ. “ತುಂಬಾ ಸೆಖೆ ಸ್ವಾಮಿ” ಎಂದರೆ ಯಜಮಾನರು “ಅಡಿಗೆಮನೆ ಎಂದಮೇಲೆ ಸೆಖೆ ಇರುವುದೇ” ಎನ್ನುತ್ತಾರೆ. ಅಂಕೆ ಇಟ್ಟರೆ ಮಾತಿನ ದಾರಿ ಬೇರೆ.

ಆದುದರಿಂದ ಎರಡು ಕೆಲಸಗಳನ್ನು ಈ ಸಭೆಯ ಮುಂದಿಡುತ್ತೇವೆ. ಒಂದು: ಪ್ರತಿಯೊಬ್ಬ ಸದಸ್ಯನೂ ಒಂದು ವಹಿ ಇಡಬೇಕು. ಕೆಲಸಕ್ಕೆ ಸೇರಿದ ತಾರೀಕು, ದಿನವೂ ಬಂದ ಹೊತ್ತು, ಬಿಟ್ಟ ಹೊತ್ತು, ಕೈಗೆ ಬಂದ ಸಂಬಳ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಬೇಕು. ತಿಂಗಳಿಗೊಮ್ಮೆ ಸಂಘದ ಕಚೇರಿಯಲ್ಲಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ಅದರ ಪ್ರತಿಯನ್ನು ಕಚೇರಿಯಲ್ಲಿಯೂ ಇಡುತ್ತೇವೆ. ಊರಿನ ಟ್ರಂಕು ಒಂದನ್ನೇ ನಂಬುವ ಹಾಗಿಲ್ಲ, ಗೆದ್ದಲಿಗೆ ನ್ಯಾಯ ಅನ್ಯಾಯ ಗೊತ್ತಿಲ್ಲ.

ಎರಡು: ಬೇಸಗೆಗೆ ಮೊದಲು ಸಂಘದ ಹಣದಿಂದ ಉಷ್ಣಮಾಪಕಗಳನ್ನು ಜೋಡಿ ಜೋಡಿಯಾಗಿ ಕೊಳ್ಳೋಣ. ಒಂದನ್ನು ಹಾಗೆಯೇ ತೂಗಿಬಿಡುವುದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತುವುದು. ಗಾಳಿ ಒಣಗಿದ್ದರೆ ಒದ್ದೆಯದರ ಅಂಕೆ ಬಹಳ ಕೆಳಗಿರುತ್ತದೆ. ಎರಡೂ ಅಂಕೆ ಹತ್ತಿರ ಹತ್ತಿರ ಬಂದವೆಂದರೆ ಬಟ್ಟೆ ಆರುತ್ತಿಲ್ಲ ಎಂದರ್ಥ. ಹಾಗಿದ್ದರೆ ನಮ್ಮ ಮೈಯ ಬೆವರೂ ಆರುವುದಿಲ್ಲ, ಮೈ ತಣಿಯುವುದಿಲ್ಲ. ಸೆಖೆಯಿಂದ ಮನುಷ್ಯ ಬೀಳುವುದು ಅಂಥ ಹೊತ್ತಿನಲ್ಲಿಯೇ. ಇಡಲು ಒಪ್ಪುವ ಅಡಿಗೆಮನೆಗಳಲ್ಲಿ ಇಟ್ಟು ದಿನವೂ ಮೂರು ಗಂಟೆಗೆ ಓದಿ ಬರೆಯೋಣ. ಯಜಮಾನರಲ್ಲಿಯೂ ಒಳ್ಳೆಯವರಿದ್ದಾರೆ, ಒಪ್ಪುವವರು ಸಿಗುತ್ತಾರೆ. ಒಂದು ಬೇಸಗೆಯ ಅಂಕೆಗಳು ಕೈಗೆ ಬಂದಮೇಲೆ ಫ್ಯಾನು, ಹೊಗೆಕಿಂಡಿ, ನಡುವೆ ಹತ್ತು ನಿಮಿಷದ ಬಿಡುವು ಕೇಳೋಣ.

ಒಂದು ಎಚ್ಚರಿಕೆ. ಬರೆಯುವವರು ಕಂಡದ್ದನ್ನೇ ಬರೆಯಬೇಕು. ಮೂವತ್ತೆಂಟು ಇದ್ದರೆ ಮೂವತ್ತೆಂಟು. ನಮ್ಮ ಕಡೆಗೆ ವಾಲಲಿ ಎಂದು ನಲವತ್ತೆರಡು ಬರೆದರೆ ಆ ಒಂದು ಸುಳ್ಳಿನಿಂದ ಇಡೀ ವಹಿ ಕೆಟ್ಟಿತು. ಕೊಲಾಬಾದ ಪುಸ್ತಕವನ್ನು ನೂರ ನಲವತ್ತನಾಲ್ಕು ವರ್ಷಗಳ ಮೇಲೆ ಲೋಕ ನಂಬಿದ್ದು ಅದರಲ್ಲಿ ಯಾರ ಕಡೆಗೂ ವಾಲಿದ ಅಂಕೆ ಇಲ್ಲವೆಂದು.

ಕೇಳಿದ ತಮ್ಮ ಇಲ್ಲಿಯೇ ಕುಳಿತಿದ್ದಾನೆ. ಅವನಿಗೆ ನಮ್ಮ ಉತ್ತರ ಇಷ್ಟು: ಆ ಕಟ್ಟಡದೊಳಗೆ ಮಾರುವ ಸರಕು ಯಾವುದೂ ತಯಾರಾಗುವುದಿಲ್ಲ. ಇಂದು ಬರೆದುದು ಇನ್ನು ನೂರು ವರ್ಷಕ್ಕೆ ಯಾರಿಗಾದರೂ ಬೇಕಾದೀತು ಎಂದು ಲೆಕ್ಕ ಇಡುವವರು ಅಲ್ಲಿದ್ದಾರೆ. ನಮಗೆ ನೂರು ವರ್ಷ ಕಾಯಬೇಕಾಗಿಲ್ಲ. ಕೆಲಸ ಬಿಡುವ ದಿನಕ್ಕೇ ಬೇಕಾಗುತ್ತದೆ. ಹೋಗುವಾಗ ಬಾಗಿಲ ಬಳಿ ಮೇಜಿನ ಮೇಲೆ ವಹಿಗಳನ್ನು ಇಟ್ಟಿದ್ದೇವೆ. ಒಬ್ಬೊಬ್ಬರು ಒಂದೊಂದು ಒಯ್ಯಿರಿ. ಮೊದಲ ಸಾಲು ಇಂದಿನ ಪಾಳಿಯದಾಗಲಿ.